ನರ್ಸಮ್ಮನ ಹಿತ್ತಲ ಗೋಡೆ

ಊರಿನಲ್ಲಿ ಯಾರ ಮನೆ ಖಾಲಿ ಇದೆ, ಯಾರದು ಖಾಲಿಯಾಗಲಿದೆ, ಯಾರು ಖಾಲಿ ಮಾಡಿ ಎಂದರೂ ಕಿವಿ ಕೇಳಿಸದವರ ಹಾಗೆ ಕೂತಿದ್ದಾರೆ ಎಂಬುದೆಲ್ಲ ಗೊಂಚಲಯ್ಯನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂವತ್ತು ಮನೆಗಳ ಬೀಗದ ಕೈಗಳನ್ನು ಒಂದೇ ಗೊಂಚಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವನನ್ನು ಊರು ಸುಮ್ಮನೆ ಬಿಡುತ್ತದೆಯೇ? ಅವನು ಬೀದಿಯ ಆ ತುದಿಗೆ ಬಂದರೆ ಸಾಕು, ಈ ತುದಿಯ ಬಾಡಿಗೆದಾರರಿಗೆ ಕಿಣಿಕಿಣಿ ಕೇಳಿಸಿ ಎದೆ ಡವಗುಟ್ಟುತ್ತಿತ್ತು. ಮನೆ ಮಾರಿಸುವುದು, ಕೊಡಿಸುವುದು, ಬಾಡಿಗೆಗೆ ಹಿಡಿಸುವುದು ಅವನ ಕಸುಬು.

ಅದರಲ್ಲಿ ಅವನದು ಎತ್ತಿದ ಕೈ. ಉಳಿದ ದಲ್ಲಾಳಿಗಳು ಬಾಯಿ ನೋಯುವಷ್ಟು ಮಾತಾಡಿ ಮನೆ ಮಾರಿದರೆ ಇವನು ಬಾಯಿ ಮುಚ್ಚಿಕೊಂಡು ಮಾರುತ್ತಿದ್ದ. ಗಿರಾಕಿಯನ್ನು ಒಳಗೆ ಕರೆದೊಯ್ದು, ಗೊಂಚಲಿನ ಅತಿ ದೊಡ್ಡ ಕಬ್ಬಿಣದ ಕೀಲಿಯಿಂದ ಗೋಡೆಯನ್ನು ಎರಡು ಸಲ ಬಡಿದು, ಕಿವಿ ಇಟ್ಟು ಕೇಳುತ್ತಿದ್ದ. ಮನೆ ಮಾರಿಹೋಗಲಿ ಎಂದು ಅವನಿಗಿದ್ದರೆ ತಲೆಯಾಡಿಸಿ, ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿ ಮುಂದೆ ನಡೆಯುತ್ತಿದ್ದ. ಹೋಗುವುದು ಬೇಡ ಎಂದಿದ್ದರೆ ಇಟ್ಟ ಕಿವಿಯನ್ನು ತೆಗೆಯುತ್ತಲೇ ಇರಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ಬಡಿಯುತ್ತಿದ್ದ, ಮತ್ತೆ ಕೇಳುತ್ತಿದ್ದ. ಆಮೇಲೆ ನೆಟ್ಟಗೆ ನಿಂತು, ಗಿರಾಕಿಯ ಮುಖ ನೋಡದೆ, "ಬನ್ನಿ, ಅಡುಗೆಮನೆ ನೋಡೋಣ" ಅನ್ನುತ್ತಿದ್ದ. ಅಷ್ಟೇ. ಅಡುಗೆಮನೆ ನೋಡುವಷ್ಟರಲ್ಲಿ ಗಿರಾಕಿಗೆ ಏನೋ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು. ಗೊಂಚಲಯ್ಯ ಸುಳ್ಳು ಹೇಳಿದ ಎಂದು ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ, ಯಾಕೆಂದರೆ ಅವನು ಏನನ್ನೂ ಹೇಳಿರುತ್ತಿರಲಿಲ್ಲ. ಗೋಡೆಯೊಳಗೆ ಅವನಿಗೆ ನಿಜಕ್ಕೂ ಏನಾದರೂ ಕೇಳಿಸುತ್ತಿತ್ತೇ? ಮಣ್ಣು ಕೇಳಿಸುತ್ತಿತ್ತು!

ಐದು ವರ್ಷದ ಹಿಂದೆ ಊರ ಹೊರಗೆ ದೊಡ್ಡದೊಂದು ಕಾರ್ಖಾನೆ ಶುರುವಾಯಿತು. ಹೊರಗಿನಿಂದ ಬಂದ ಇಂಜಿನಿಯರುಗಳು, ಗುಮಾಸ್ತರು, ಮೆಕ್ಯಾನಿಕ್ಕುಗಳು ಮನೆಗಾಗಿ ಮುಗಿಬಿದ್ದರು. ದನದ ಕೊಟ್ಟಿಗೆಗೆ ಸುಣ್ಣ ಬಳಿದು ಬಾಡಿಗೆಗೆ ಬಿಟ್ಟ ಪುಣ್ಯಾತ್ಮರೂ ಇದ್ದರು. "ಇನ್ನೂ ಸ್ವಲ್ಪ ಕೇಳಿ, ಕೊಡ್ತಾರೆ" ಎಂದು ಮಾಲೀಕರ ಕಿವಿ ಊದಿದವನು ಗೊಂಚಲಯ್ಯನೇ. ಹೀಗೆ ಏರಿದ ಬಾಡಿಗೆ ಬೀದಿಯಿಂದ ಬೀದಿಗೆ ದಾಟಿ ಒಂದು ದಿನ ಅವನ ಒಡಹುಟ್ಟಿದ ತಂಗಿಯ ಮನೆ ಬಾಗಿಲಿಗೇ ಬಂತು.

ತಂಗಿ ಬಟ್ಟೆ ಹೊಲಿಯುವವಳು. ಗಂಡ ಲೈನ್‌ಮನ್ ಆಗಿದ್ದವನು ಕಂಬದ ಮೇಲಿಂದ ಬಿದ್ದು ತೀರಿಕೊಂಡಿದ್ದ. ನಾಲ್ಕು ವರ್ಷದಲ್ಲಿ ಐದು ಮನೆ ಬದಲಾಯಿಸಿ, ಕೊನೆಗೆ ಹಿಟ್ಟಿನ ಗಿರಣಿಯ ಹಿಂದಿನ ಒಂದೇ ಒಂದು ಕೋಣೆಗೆ ಮಗಳನ್ನು ಕಟ್ಟಿಕೊಂಡು ಬಂದಿದ್ದಳು. ಆ ಕೋಣೆಗೆ ಕಿಟಕಿ ಎಂಬುದೇ ಇರಲಿಲ್ಲ. ಗಿರಣಿ ಓಡತೊಡಗಿದರೆ ಪಾತ್ರೆಗಳು ಗಡಗಡ ನಡುಗುತ್ತಿದ್ದವು. ಹೊಲಿಗೆ ಮಿಷನ್ನಿನ ಮೇಲೆ ಹಿಟ್ಟು, ಹಾಸಿಗೆಯ ಮೇಲೆ ಹಿಟ್ಟು, ಹತ್ತು ವರ್ಷದ ಮಗಳ ರೆಪ್ಪೆಯ ಮೇಲೂ ಹಿಟ್ಟು. ಹುಡುಗಿ ಕೆಮ್ಮುತ್ತ ಕೆಮ್ಮುತ್ತಲೇ ಪಾಠ ಓದುತ್ತಿದ್ದಳು.

"ಕಪ್ಪು ಬಟ್ಟೆ ಕೊಟ್ಟು ಹೋದ್ರೆ ಬಿಳಿ ಮಾಡಿ ಕೊಡ್ತೀನಿ ಅಣ್ಣ, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಎಂದು ತಂಗಿ ನಗುತ್ತಿದ್ದಳು.

ಅವನಿಗೆ ನಗು ಬರುತ್ತಿರಲಿಲ್ಲ. ಅವಳು ಬಿಟ್ಟು ಬಂದ ಐದು ಮನೆಗಳಲ್ಲಿ ಮೂರರ ಬಾಡಿಗೆ ಏರಿಸಿದವನು ತಾನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಗಂಡನ ಇಲಾಖೆಯಿಂದ ಅವಳಿಗೆ ಪರಿಹಾರದ ಹಣ ಬರುವುದಿತ್ತು. ಅದು ಬಂದ ದಿನವೇ ಅವಳಿಗೊಂದು ಸ್ವಂತ ಮನೆ ಕೊಡಿಸುತ್ತೇನೆ, ಇನ್ನು ಮುಂದೆ ಇವಳು ಯಾರ ಮುಂದೆಯೂ ಗಂಟುಮೂಟೆ ಕಟ್ಟುವ ಹಾಗಾಗಬಾರದು ಎಂದು ಗೊಂಚಲಯ್ಯ ಹಟ ತೊಟ್ಟ.

ಅಷ್ಟರಲ್ಲೇ ನರ್ಸಮ್ಮ ತಮ್ಮ ಮನೆ ಮಾರಿಸಿಕೊಡಿ ಎಂದು ಅದರ ಇನ್ನೊಂದು ಕೀಲಿ ತಂದುಕೊಟ್ಟರು. ಊರಿನ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ದೂರದ ಊರಿನಲ್ಲಿದ್ದ ಅಕ್ಕನ ಜೊತೆ ಹೋಗಿ ಇರುವ ಮನಸ್ಸು ಮಾಡಿದ್ದರು. "ಅವಸರ ಏನಿಲ್ಲಪ್ಪ, ಒಳ್ಳೆಯವರು ಸಿಕ್ಕಿದಾಗ ಕೊಡಿ" ಎಂದರು. ಗೊಂಚಲಯ್ಯ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮನೆ ಮಾರುವವರೆಲ್ಲ ಅವಸರ ಇಲ್ಲ ಎಂದೇ ಅನ್ನುತ್ತಾರೆ.

ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನಾಲ್ಕು ಗಿಡ. ಬೀದಿ ಕಡೆಗೆ ಅಗಲವಾದ ಒಂದು ಕಿಟಕಿ. ತಂಗಿ ಹಿಂದೊಮ್ಮೆ ನರ್ಸಮ್ಮನ ಬಟ್ಟೆ ಕೊಡಲು ಹೋದವಳು ಆ ಕಿಟಕಿಯನ್ನು ನೋಡಿ ಬಂದು ಎರಡು ದಿನ ಅದರ ಮಾತೇ ಆಡಿದ್ದಳು. "ಅದರ ಕೆಳಗೆ ಮಿಷನ್ ಇಟ್ಕೊಂಡ್ರೆ ಸಂಜೆವರೆಗೂ ದೀಪ ಹಾಕೋದೇ ಬೇಡ ಅಣ್ಣ. ಸೂಜಿಗೆ ದಾರ ಪೋಣಿಸೋಕೆ ಮಗಳನ್ನ ಕರೆಯೋದೂ ಬೇಡ."

ಆಯಿತು, ಆ ಮನೆ ತಂಗಿಗೇ. ಆದರೆ ಇಲಾಖೆಯ ಕಾಗದ ಪತ್ರಗಳು ಆಮೆಯ ನಡಿಗೆಯಲ್ಲಿದ್ದವು. ನೇರವಾಗಿ ಹೋಗಿ, "ನರ್ಸಮ್ಮ, ನನ್ನ ತಂಗಿಗೆ ಬೇಕು, ಒಂದೆಂಟು ತಿಂಗಳು ಕಾಯ್ತೀರಾ" ಎಂದು ಕೇಳಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ಇಪ್ಪತ್ತು ವರ್ಷ ದಲ್ಲಾಳಿಯಾಗಿ ದುಡಿದವನಿಗೆ ಆ ಬುದ್ಧಿಯೇ ಬರಲಿಲ್ಲ. ಬೇಕು ಎಂದು ಬಾಯಿಬಿಟ್ಟವನಿಗೆ ಬೆಲೆ ಏರುತ್ತದೆ, ತನ್ನವರಿಗೆ ಬೇಕು ಎಂದರೆ ಇನ್ನೂ ಏರುತ್ತದೆ ಎಂಬುದು ಅವನ ರಕ್ತದಲ್ಲಿ ಬೆರೆತುಹೋಗಿತ್ತು. ಹಾಗಾಗಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ.

ಎಂಟು ತಿಂಗಳಲ್ಲಿ ಹನ್ನೊಂದು ಗಿರಾಕಿಗಳು ಬಂದರು. ಹನ್ನೊಂದು ಜನರನ್ನೂ ಗೊಂಚಲಯ್ಯ ಮರ್ಯಾದೆಯಿಂದ ಕರೆದೊಯ್ದು, ಹಿತ್ತಲ ಗೋಡೆಗೆ ಕೀಲಿಯಿಂದ ಬಡಿದು, ಕಿವಿ ಇಟ್ಟು, ಇನ್ನೂ ಕೆಳಗೆ ಬಡಿದು, ಸುಮ್ಮನಾದ. ಹನ್ನೊಂದು ಜನರೂ ಅಡುಗೆಮನೆ ನೋಡಿ ಜಾಗ ಖಾಲಿ ಮಾಡಿದರು. ಬೆಲೆಯನ್ನು ಅವನು ಒಂದು ಪೈಸೆಯೂ ಇಳಿಸಲು ಹೇಳಲಿಲ್ಲ. ತಂಗಿಯಿಂದ ಪೂರ್ತಿ ಬೆಲೆಯನ್ನೇ ಕೊಡಿಸುವವನಿದ್ದ. ಅವನಿಗೆ ಬೇಕಾಗಿದ್ದು ಬರೀ ಸಮಯ, ಮೋಸವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಏಳನೆಯವನೋ ಎಂಟನೆಯವನೋ ಹೋದ ಮೇಲೆ ನರ್ಸಮ್ಮ ಕೇಳಿದ್ದರು. "ಗೋಡೆಗೆ ಏನಾದ್ರೂ ಆಗಿದೆಯೇನಪ್ಪ? ನನ್ನ ಹತ್ರ ಮುಚ್ಚಿಡಬೇಡಿ."

"ನೋಡೋಣ ನರ್ಸಮ್ಮ. ನಿಧಾನವಾಗಿ ನೋಡೋಣ."

ಅವರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು.

ಕೊನೆಗೂ ಇಲಾಖೆಯಿಂದ ಕರೆ ಬಂತು. ಗೊಂಚಲಯ್ಯ ಬಸ್ಸು ಹತ್ತಿ ಹೋಗಿ, ಆರು ದಿನ ದೊಡ್ಡ ಕಚೇರಿಯ ಮೆಟ್ಟಿಲು ಹತ್ತಿ ಇಳಿದು, ಕಂಡ ಕಂಡ ಗುಮಾಸ್ತರಿಗೆಲ್ಲ ಕೈಮುಗಿದು, ಮಂಜೂರಾತಿ ಪತ್ರ ಜೇಬಿನಲ್ಲಿಟ್ಟುಕೊಂಡೇ ವಾಪಸ್ಸು ಬಂದ. ಬಸ್ಸಿಳಿದವನು ನೇರವಾಗಿ ಗಿರಣಿಯ ಹಿಂದಕ್ಕೆ ಓಡಿದ. ತಂಗಿ ಆ ಪತ್ರವನ್ನು ಎರಡು ಸಲ ಓದಿ, ಹಿಟ್ಟು ತಾಗದ ಹಾಗೆ ಮಡಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಅಳೋದು ಆಮೇಲೆ. ಟೇಪ್ ತಗೊಂಡು ಬಾ. ಕಿಟಕಿಗೆ ಪರದೆ ಅಳತೆ ತಗೋಬೇಕಲ್ಲ, ಟೈಲರಮ್ಮ. ನಾನು ಮುಂದೆ ಹೋಗಿ ಮಾತು ಮುಗಿಸಿರ್ತೀನಿ" ಎಂದು ಅವನು ಹೊರಟ. ಇಷ್ಟು ಖುಷಿಯಲ್ಲಿ ಅವನು ಆ ಬೀದಿಯಲ್ಲಿ ಯಾವತ್ತೂ ನಡೆದಿರಲಿಲ್ಲ.

ತಿರುವು ದಾಟಿದವನಿಗೆ ಮೊದಲು ಕಂಡದ್ದು ಧೂಳು. ಆಮೇಲೆ ಕಂಡದ್ದು ಆಕಾಶ. ನರ್ಸಮ್ಮನ ಮನೆಗೆ ಸೂರು ಇರಲಿಲ್ಲ. ಬೀದಿ ಕಡೆಯ ಗೋಡೆ ಕಲ್ಲುಮಣ್ಣಿನ ಗುಡ್ಡೆಯಾಗಿ ಬಿದ್ದಿತ್ತು. ಪಕ್ಕದ ಮರದ ಡಿಪೋದ ಬೇಲಿಗೆ ಒರಗಿಸಿ ಆ ಕಿಟಕಿಯನ್ನು ಚೌಕಟ್ಟಿನ ಸಮೇತ ಇಟ್ಟಿದ್ದರು. ರಸ್ತೆಯಂಚಿನಲ್ಲಿ ಒಂದು ಕುರ್ಚಿ ಹಾಕಿಕೊಂಡು, ಕಾಲ ಬಳಿ ಎರಡು ಪೆಟ್ಟಿಗೆ ಇಟ್ಟುಕೊಂಡು ನರ್ಸಮ್ಮ ಕೂತಿದ್ದರು.

"ಬಂದ್ರಾ? ನಿಮಗೆ ಹೇಳಿ ಕಳಿಸಿದ್ದೆ. ಊರಲ್ಲಿಲ್ಲ ಅಂದ್ರು."

"ಏನಿದು ನರ್ಸಮ್ಮ?"

"ಡಿಪೋದವರಿಗೆ ಕೊಟ್ಟುಬಿಟ್ಟೆ. ಮನೆಗಲ್ಲ, ಜಾಗಕ್ಕೆ ಬೆಲೆ ಕಟ್ಟಿದ್ರು. ಅರ್ಧಕ್ಕಿಂತ ಕಮ್ಮಿನೇ ಬಂತು, ಹೋಗಲಿ. ಮೊನ್ನೆ ನೋಂದಣಿ ಆಯ್ತು. ಮೊದಲು ಮನೆ ಕೆಡವಬೇಕು ಅಂತ ನಾನೇ ಷರತ್ತು ಹಾಕಿದೆ. ಡಿಪೋ ಕೆಲಸದವರು ಊಟ ಮಾಡಿ ಆ ಹಿತ್ತಲ ಗೋಡೆ ನೆರಳಲ್ಲೇ ಮಲಗ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಬಿಟ್ಟು ಹೋಗಲಿ?"

"ಗೊತ್ತಿದ್ದು ಅಂದ್ರೆ?"

ನರ್ಸಮ್ಮ ಮೆಲ್ಲಗೆ ನಕ್ಕರು. "ನಿಮಗೆ ಬಾಯಿ ಬಿಟ್ಟು ಹೇಳೋಕೆ ಮನಸ್ಸು ಬರಲಿಲ್ಲ. ನನಗೆ ಅರ್ಥ ಆಯ್ತಪ್ಪ. ಅಷ್ಟು ವರ್ಷ ಡಾಕ್ಟರ ಪಕ್ಕ ನಿಂತವಳು ನಾನು. ಎದೆ ಮೇಲೆ ಕೊಳವೆ ಇಟ್ಟು ಡಾಕ್ಟರು ಏನಾದ್ರೂ ಮಾತಾಡಿದ್ರೆ ಭಯ ಇಲ್ಲ. ಸುಮ್ಮನಾದ್ರೆ ಭಯ. ಇನ್ನೂ ಸ್ವಲ್ಪ ಕೆಳಗಿಟ್ಟು ಮತ್ತೆ ಸುಮ್ಮನಾದ್ರೆ, ಹೊರಗೆ ಬೆಂಚಿನ ಮೇಲೆ ಕೂತವರಿಗೆ ಏನು ಹೇಳೋದು ಅಂತ ನಾನು ಯೋಚಿಸೋಕೆ ಶುರು ಮಾಡ್ತಿದ್ದೆ. ನೀವು ಹನ್ನೊಂದು ಸಲ ಕಿವಿ ಇಟ್ರಿ. ನಾನು ಒಳಗಿಂದ ನೋಡ್ತಾನೇ ಇದ್ದೆ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗೊಂಚಲಯ್ಯ ಗೋಡೆಯ ಬಗ್ಗೆ ನಿಜ ಹೇಳಿದ. "ಗೋಡೆಗೆ ಏನೂ ಆಗಿಲ್ಲ ನರ್ಸಮ್ಮ. ಏನೇನೂ ಆಗಿಲ್ಲ. ಗಟ್ಟಿಯಾಗೇ ಇದೆ."

"ಬಿಡಿ. ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ. ಇಂಥ ಮಾತು ನಾನೆಷ್ಟು ಜನಕ್ಕೆ ಹೇಳಿಲ್ಲ!"

ಅಷ್ಟರಲ್ಲಿ ಕೆಲಸದ ಮೇಸ್ತ್ರಿ ಹಿತ್ತಲಿನಿಂದ ಬೆವರು ಒರೆಸಿಕೊಳ್ಳುತ್ತ ಬಂದ. "ಅಮ್ಮಾ, ಯಾವ ಪುಣ್ಯಾತ್ಮ ಕಟ್ಟಿದ್ನಮ್ಮ ಈ ಹಿಂದಿನ ಗೋಡೆನ? ಬೆಳಗ್ಗೆಯಿಂದ ಎರಡು ಹಾರೆ ಬಗ್ಗಿಸಿಕೊಂಡ್ವಿ, ಒಂದು ಕಲ್ಲು ಅಲ್ಲಾಡ್ತಿಲ್ಲ. ಇನ್ನೂ ನೂರು ವರ್ಷ ಹೀಗೇ ನಿಂತಿರ್ತಿತ್ತು. ಇಂಥದನ್ನ ಯಾಕೆ ಕೆಡವಿಸ್ತಿದ್ದೀರ?" ಉತ್ತರಕ್ಕೆ ಕಾಯದೆ ಪಕ್ಕದಲ್ಲಿದ್ದ ಕೊಡದಿಂದ ನೀರು ಕುಡಿದು ಹೋದ.

ನರ್ಸಮ್ಮ ನಿಧಾನವಾಗಿ ಗೊಂಚಲಯ್ಯನ ಕಡೆ ತಿರುಗಿದರು.

"ಮತ್ತೆ ಯಾಕೆ ಸುಮ್ಮನಾದ್ರಿ?"

ಅವನು ಹೇಳಿದ. ತಂಗಿ, ಗಿರಣಿ, ಹುಡುಗಿಯ ಕೆಮ್ಮು, ಬರಬೇಕಿದ್ದ ಹಣ, ಕಿಟಕಿ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಕಲ್ಲುಗಳ ಮೇಲೆ ಕೂತ. ಸೊಂಟದ ಗೊಂಚಲು ಕಲ್ಲಿಗೆ ತಾಗಿ ಸದ್ದು ಮಾಡಿತು.

ಬಯ್ಯುತ್ತಾರೆ ಎಂದುಕೊಂಡಿದ್ದ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನರ್ಸಮ್ಮ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ ಕೂತರು. ನಲವತ್ತು ವರ್ಷ ಬಾಳಿದ ಮನೆ ಅವರ ಕಣ್ಣೆದುರಿಗೇ ಮಣ್ಣಾಗಿತ್ತು, ಅದೂ ಸುಮ್ಮಸುಮ್ಮನೆ.

"ಆ ಮಗುನೂ ನನ್ನ ಕೈಯಲ್ಲೇ ಹುಟ್ಟಿದ್ದು" ಎಂದರು. "ಒಂದು ಮಾತು ಕೇಳಿದ್ರೆ ಕಾಯ್ತಿದ್ದೆನಲ್ಲಪ್ಪ. ಎಂಟು ತಿಂಗಳಲ್ಲ, ಎರಡು ವರ್ಷ ಬೇಕಾದ್ರೂ ಕಾಯ್ತಿದ್ದೆ. ಅವಸರ ಇಲ್ಲ ಅಂತ ಹೇಳಿದ್ದೆನಲ್ಲ."

ಗೊಂಚಲಯ್ಯ ತಲೆ ಎತ್ತಿದರೆ, ತಿರುವಿನಲ್ಲಿ ತಂಗಿ ಬರುತ್ತಿದ್ದಳು. ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದಳು. ಮಗಳ ಕೈ ಹಿಡಿದುಕೊಂಡು, ಆಚೆ ಈಚೆ ನೋಡಿ ರಸ್ತೆ ದಾಟಿ, ಆಮೇಲೆ ಮನೆಯ ಕಡೆ ನೋಡಿದಳು. ನಡಿಗೆ ನಿಂತಿತು.

"ಅಣ್ಣಾ... ಮನೆ?"

ಗೊಂಚಲಯ್ಯ ಬಾಯಿ ತೆರೆದ. ಹೇಳಿಬಿಡಬೇಕು, ನಾನೇ ಕೆಡವಿದೆ ಕಣೇ ಎಂದು ಹೇಳಿಬಿಡಬೇಕು ಎಂದುಕೊಂಡ. ಕೈ ಮಾತ್ರ ಸೊಂಟದ ಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡಿತು.

ನರ್ಸಮ್ಮ ಅವನ ಮುಖ ನೋಡಿದರು. ಅವಳ ಮುಖ ನೋಡಿದರು. ಬೆಂಚಿನ ಮೇಲೆ ಕೂತವರಿಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು.

"ಹಿಂದಿನ ಗೋಡೆ ಟೊಳ್ಳಾಗಿತ್ತಮ್ಮ" ಎಂದರು. "ಮೇಲಿಂದ ನೋಡಿದ್ರೆ ಗೊತ್ತಾಗ್ತಿರಲಿಲ್ಲ. ನಿಮ್ಮಣ್ಣ ಬಡಿದು ನೋಡಿ ಕಂಡುಹಿಡಿದ್ರು. ಇಲ್ಲದಿದ್ರೆ ಯಾವತ್ತೋ ಒಂದು ದಿನ ಮಗು ಮೇಲೆ ಬಿದ್ದಿರೋದು. ಆ ಕಿಟಕಿ ನಿನಗೇ ಅಂತ ತೆಗೆಸಿಟ್ಟಿದ್ದೀನಿ, ತಗೊಂಡು ಹೋಗು."

ತಂಗಿ ಬೇಲಿಗೆ ಒರಗಿದ್ದ ಕಿಟಕಿಯನ್ನು ನೋಡಿದಳು. ಹತ್ತಿರ ಹೋಗಿ ಧೂಳು ಒರೆಸಿದಳು. ಬಂದ ಕೆಲಸ ಮರೆಯಬಾರದು ಎಂಬಂತೆ ಕೊರಳಿನ ಟೇಪು ತೆಗೆದು ಅಗಲಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಹಿಡಿದಳು. ಆಮೇಲೆ ಅದನ್ನು ಸುತ್ತಿ ಮಗಳ ಕೈಗೆ ಕೊಟ್ಟು, ಕಲ್ಲುಗಳ ಮೇಲೆ ಕೂತಿದ್ದ ಅಣ್ಣನ ಪಕ್ಕಕ್ಕೆ ಬಂದು ಕೂತಳು. ಅವನು ಅಳುತ್ತಿದ್ದ.

"ಅಳಬೇಡ ಅಣ್ಣ" ಎಂದು ಅವನ ಬೆನ್ನು ಸವರಿದಳು. ಅವಳ ಬೆರಳಿನ ಹಿಟ್ಟು ಅವನ ಅಂಗಿಗೆ ಹತ್ತಿತು. "ನನಗೋಸ್ಕರ ಎಷ್ಟು ಓಡಾಡಿದೀಯ. ಈ ಮನೆ ಹೋದ್ರೆ ಹೋಯ್ತು, ಇನ್ನೊಂದು ನೋಡು. ನೀನು ಬಡಿದು ನೋಡಿದ ಗೋಡೆ ಅಂದ್ರೆ ಸಾಕು, ನಾನು ಕಣ್ಣುಮುಚ್ಚಿ ಒಳಗೆ ಹೋಗ್ತೀನಿ."

ಹಿತ್ತಲಲ್ಲಿ ಹಾರೆಯ ಏಟುಗಳು ಬೀಳುತ್ತಲೇ ಇದ್ದವು. ಗೋಡೆ ಇನ್ನೂ ಬಿದ್ದಿರಲಿಲ್ಲ.