ಎಡಗಡೆ ಸೀಟಿನ ಅತ್ತೆ

ಗಂಡ ರಘುನಂದನ್ ಫೋನು ಮಾಡಿ, ತಾನು ಹುಬ್ಬಳ್ಳಿಯಲ್ಲಿ ಬೇರೊಬ್ಬಳ ಜೊತೆ ಮನೆ ಮಾಡಿದ್ದೇನೆ, ಇನ್ನು ಬರುವುದಿಲ್ಲ ಎಂದಾಗ ಸುಮೇಧಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಆಯಿತು ಎಂದಳು. ಫೋನು ಪಕ್ಕಕ್ಕಿಟ್ಟು, ಉಳಿದ ಅಕ್ಕಿಯನ್ನೂ ಆರಿಸಿ ಡಬ್ಬಿಗೆ ತುಂಬಿದಳು. ಸ್ಪೀಕರ್ ಹಾಕಿದ್ದ ಫೋನಿನ ಮಾತನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅತ್ತೆ ರುಕ್ಮಿಣಮ್ಮ, ಸೊಸೆ ಈಗ ಅಳುತ್ತಾಳೆ, ಆಮೇಲೆ ಅಳುತ್ತಾಳೆ ಎಂದು ಕಾದರು. ಅವಳು ಅಳಲಿಲ್ಲ. ಆ ವಾರವೂ ಇಲ್ಲ, ಮುಂದಿನ ತಿಂಗಳೂ ಇಲ್ಲ.

ಸುಮೇಧಾ ಶ್ರೀರಂಗಪಟ್ಟಣದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ವ್ಯಾನಿನ ಡ್ರೈವರ್ ಕೆಲಸ ಬಿಟ್ಟಾಗ, ಕಾರಿನ ಲೈಸೆನ್ಸು ಇದ್ದ ಅವಳೇ ಮಕ್ಕಳನ್ನು ಕರೆತರುವುದು, ಬಿಡುವುದು ಮಾಡುತ್ತಿದ್ದಳು. ಅದೇ ವರ್ಷ ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಬೇರೆ ಶಾಲೆ ಹುಡುಕು ಎಂದು ಎಲ್ಲರೂ ಹೇಳಿದರು. ಅವಳು ಮಂಡ್ಯದ ಡ್ರೈವಿಂಗ್ ಸ್ಕೂಲಿಗೆ ಸೇರಿ ಲಾರಿ ಓಡಿಸುವ ಹೆವಿ ಲೈಸೆನ್ಸು ಮಾಡಿಸಿಕೊಂಡಳು. ಯಾಕೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಕೊಡಲು ಅವಳಿಗೆ ಆಗುತ್ತಿರಲಿಲ್ಲ. ತರಗತಿಯಲ್ಲಿ ಅಷ್ಟೂ ಮುಖಗಳು ತನ್ನನ್ನೇ ನೋಡುತ್ತಾ ಏನೋ ಬೇಕೆಂದು ಕಾಯುತ್ತವೆ, ಸ್ಟೇರಿಂಗ್ ಹಿಡಿದು ಕೂತರೆ ಎದುರಿಗೆ ಬರೀ ರಸ್ತೆ ಇರುತ್ತದೆ. ಅವಳಿಗೆ ಗೊತ್ತಿದ್ದದ್ದು ಇಷ್ಟೇ.

ಲೈಸೆನ್ಸು ಬಂತು, ಕೆಲಸ ಬರಲಿಲ್ಲ. ಹೈವೇ ಪಕ್ಕದ ಟ್ರಾನ್ಸ್‌ಪೋರ್ಟ್ ಆಫೀಸಿನವರು ದೊಡ್ಡ ಗಾಡಿ ಓಡಿಸಿದ ಅನುಭವ ಕೇಳಿದರು. ಗಾಡಿಯನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರಬೇಕೆಂದು ಅವಳು ಕೇಳಲಿಲ್ಲ, ನಮಸ್ಕಾರ ಹೇಳಿ ಬಂದಳು. ಪಾಂಡವಪುರದ ಬೆಲ್ಲದ ವ್ಯಾಪಾರಿ, ಲೋಡು ಮಾಡುವ ಕಡೆಯೆಲ್ಲ ಗಂಡಸರೇ ಇರುತ್ತಾರೆ, ನಿಮಗೆ ಕಷ್ಟ ಎಂದ. ಕೆ.ಆರ್. ಪೇಟೆಯ ಹಾಲಿನ ಗಾಡಿಗಳ ಕಂಟ್ರಾಕ್ಟರ್ ಕಾಫಿ ತರಿಸಿಕೊಟ್ಟು, ಲಾರಿ ಯಾಕೆ, ನಮ್ಮ ಮನೆಯವರ ಕಾರು ಓಡಿಸಿ ಎಂದ. ನಾಗಮಂಗಲದಲ್ಲಿ ಟಿಪ್ಪರ್ ಇಟ್ಟುಕೊಂಡಿದ್ದವನೊಬ್ಬ, ನಿಮ್ಮ ಯಜಮಾನ್ರು ಏನ್ಮಾಡ್ತಾರೆ ಎಂದು ಕೇಳಿದ. ಬಿಟ್ಟು ಹೋದರು ಎಂದು ಅವಳು ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು. ಅವನು ತಲೆ ತಗ್ಗಿಸಿ, ಮುಂದೆ ನೋಡೋಣ ಎಂದ. ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಬೇಜಾರೂ ಆಗಲಿಲ್ಲ.

ಕೊನೆಗೆ ಗಂಜಾಂನ ಅಜ್ಮತ್ ಉಲ್ಲಾ ಅವರ ಹೆಸರು ಯಾರೋ ಹೇಳಿದರು. ಅವರದು ಎರಡು ಲಾರಿ. ಅರಕೆರೆಯ ರೈಸ್ ಮಿಲ್ಲಿನಿಂದ ತೌಡು ತುಂಬಿ ನಾಗಮಂಗಲದ ದನದ ಫೀಡ್ ಮಾಡುವ ಕಡೆಗೆ ಹಾಕುವುದು ಮುಖ್ಯ ಬಾಡಿಗೆ. ಒಬ್ಬ ಡ್ರೈವರ್ ಊರು ಬಿಟ್ಟಿದ್ದರಿಂದ ಒಂದು ಗಾಡಿ ಸುಮ್ಮನೆ ನಿಂತಿತ್ತು. ಅಜ್ಮತ್ ಉಲ್ಲಾ ಹೆಚ್ಚು ಮಾತಾಡದೆ ಕೀ ಕೊಟ್ಟು, ಪಾಂಡವಪುರದವರೆಗೆ ಓಡಿಸು, ನೋಡ್ತೀನಿ ಎಂದು ಪಕ್ಕದಲ್ಲಿ ಕೂತರು.

ಅವಳು ಚೆನ್ನಾಗಿಯೇ ಓಡಿಸಿದಳು. ಅರ್ಧ ದಾರಿಯಲ್ಲಿ ಗದ್ದೆಯ ಕಡೆಯಿಂದ ಕಬ್ಬು ತುಂಬಿದ ಟ್ರಾಕ್ಟರೊಂದು ಅತ್ತಿತ್ತ ನೋಡದೆ ರಸ್ತೆಗೆ ಏರಿತು. ಅಜ್ಮತ್ ಉಲ್ಲಾ ಕೂಗಿ ಎದುರಿನ ಡ್ಯಾಶ್‌ಬೋರ್ಡು ಹಿಡಿದುಕೊಂಡರು. ಲಾರಿ ಕಬ್ಬಿನ ಗರಿ ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಸುಮೇಧಾ ಟ್ರಾಕ್ಟರ್ ದಾಟುವವರೆಗೆ ಕಾದು, ಗೇರ್ ಹಾಕಿ ಹೊರಟಳು. ಸ್ವಲ್ಪ ಮುಂದೆ ಅವರು ನಿಲ್ಲಿಸಲು ಹೇಳಿ, ಇಳಿದು ನೀರು ಕುಡಿದು ಬಂದರು.

"ಈಗ ಭಯ ಆಯ್ತಾ ನಿನಗೆ?"

ಇಲ್ಲ ಎಂದಳು. ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

"ಕೈ ಚೆನ್ನಾಗೈತೆ ಬೇಟಿ. ಆದ್ರೆ ಭಯ ಇಲ್ದೋರ ಕೈಗೆ ನಾನು ಗಾಡಿ ಕೊಡಲ್ಲ."

ಮನೆಗೆ ಬಂದು ಅವಳು ಇದನ್ನೂ ಅಷ್ಟೇ ಚಿಕ್ಕದಾಗಿ ಅತ್ತೆಗೆ ಹೇಳಿದಳು. ಮರುದಿನ ರುಕ್ಮಿಣಮ್ಮ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ನಡಿ ಹೋಗೋಣ ಎಂದು ಸೊಸೆಯನ್ನು ಆಟೋ ಹತ್ತಿಸಿದರು. ಇಳಿದದ್ದು ಗಂಜಾಂನಲ್ಲಿ, ಅಜ್ಮತ್ ಉಲ್ಲಾ ಮನೆ ಮುಂದೆ. ಅವರು ಗಾಬರಿಯಾಗಿ ಕುರ್ಚಿ ತಂದು ಹಾಕಿದರು. ರುಕ್ಮಿಣಮ್ಮ ಕೂರಲಿಲ್ಲ.

"ಸಾಬ್ರೆ, ಇವಳಿಗೆ ಭಯ ಒಂದೇ ಇಲ್ಲ ಅಂತಲ್ಲ, ಏನೂ ಇಲ್ಲ. ನನ್ನ ಮಗ ಮಾಡಿದ ಕೆಲಸ ಇದು. ಎರಡು ದಿನ ಸಾರಿಗೆ ಉಪ್ಪೇ ಹಾಕದೆ ಬಡಿಸಿ ನೋಡಿದೆ. ಸುಮ್ಮನೆ ಉಂಡು ಎದ್ದಳು."

ಸುಮೇಧಾ ಅತ್ತೆಯ ಮುಖ ನೋಡಿದಳು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅದಕ್ಕೆ ನಾನೇನ್ ಮಾಡ್ಲಿ ಅಮ್ಮಾ? ರೋಡಲ್ಲಿ ಜನ ಓಡಾಡ್ತಾರೆ," ಎಂದರು ಅಜ್ಮತ್ ಉಲ್ಲಾ.

"ನಾನು ಜೊತೇಲಿ ಕೂತ್ಕೋತೀನಿ. ಇವಳಿಗೆ ಭಯ ವಾಪಸ್ ಬರೋವರೆಗೂ ಇವಳ ಪಾಲಿನ ಭಯಾನ ನಾನೇ ಪಡ್ತೀನಿ. ನನ್ನ ಹತ್ರ ಬೇಕಾದಷ್ಟಿದೆ."

ಒಳಗೆ ಪರದೆಯ ಹಿಂದೆ ಅಜ್ಮತ್ ಉಲ್ಲಾ ಅವರ ತಾಯಿ ಇಮಾಮ್ ಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಲ್ಲಿಂದಲೇ, ಕೊಡು ಬೇಟಾ ಎಂದರು.

ಹೀಗೆ ಸುಮೇಧಾಳಿಗೆ ಕೆಲಸ ಸಿಕ್ಕಿತು. ಸ್ಟೂಲಿನ ಮೇಲೆ ಕಾಲಿಟ್ಟು ರುಕ್ಮಿಣಮ್ಮ ದಿನವೂ ಎಡಗಡೆ ಸೀಟಿಗೆ ಹತ್ತುತ್ತಿದ್ದರು, ತೊಡೆಯ ಮೇಲೆ ಮೊಸರನ್ನದ ಡಬ್ಬಿ. ಸೇತುವೆ ಬಂದರೆ ನಿಧಾನ ಅನ್ನುವರು. ಎಮ್ಮೆ ಕಂಡರೆ, ಸ್ಕೂಟರಿನ ಹಿಂದೆ ಮಗು ಕಂಡರೆ, ಎದುರಿಗೆ ಬಸ್ಸು ಬಂದರೆ ನಿಧಾನ ಅನ್ನುವರು. ಸುಮೇಧಾ ಹೇಳಿದಲ್ಲೆಲ್ಲ ನಿಧಾನ ಮಾಡುವಳು. ಹಳ್ಳಿಯ ಜನ ಮೊದಮೊದಲು ನಿಂತು ನೋಡಿದರು, ಆಮೇಲೆ ಅಭ್ಯಾಸವಾಯಿತು. ತೌಡಿನ ಧೂಳು ಕೂದಲಿಗೆ ಹತ್ತುತ್ತಿತ್ತು, ಮೂಟೆಗಳು ಏರಿದವು, ಇಳಿದವು. ಸಂಜೆ ಮನೆಗೆ ಬಂದರೆ ಇವತ್ತು ಏನಾಯಿತೆಂದು ಅವಳಿಗೆ ನೆನಪಿರುತ್ತಿರಲಿಲ್ಲ.

ಅರಕೆರೆಯ ಮಿಲ್ಲಿನಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆದು ಗೋಡೌನಿನ ಬಾಗಿಲಿಗೆ ಹೊಂದಿಸಬೇಕಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರ್ ಚಲುವಯ್ಯ ಯಾವಾಗಲೂ ಹಿಂದೆ ನಿಂತು ಕೈ ತೋರಿಸುತ್ತಿದ್ದ. ಒಂದು ದಿನ ಅವನು ತೂಕದ ಕಡೆ ಇದ್ದ. ಇದೇನು ಮಹಾ ವಿದ್ಯೆ ಎಂದು ರುಕ್ಮಿಣಮ್ಮ ತಾವೇ ಇಳಿದು ಹೋಗಿ ಹಿಂದೆ ನಿಂತರು. ಬಲಗಡೆಯ ಕನ್ನಡಿಯಲ್ಲಿ ಅವರ ಕಂದು ಸೀರೆ, ಬಾ ಬಾ ಎಂದು ಕರೆಯುವ ಕೈ ಕಾಣುತ್ತಿತ್ತು. ಸುಮೇಧಾ ಹಿಂದಕ್ಕೆ ಬಂದಳು.

ಕನ್ನಡಿಯಲ್ಲಿ ಅತ್ತೆ ಇರಲಿಲ್ಲ.

ಬ್ರೇಕು ಒತ್ತಿದ್ದು, ಬಾಗಿಲು ತೆರೆದು ಜಿಗಿದದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ. ಲಾರಿಯ ಹಿಂದೆ ರುಕ್ಮಿಣಮ್ಮ ಬಗ್ಗಿ, ಕಿತ್ತುಹೋದ ಚಪ್ಪಲಿಯನ್ನು ಎತ್ತಿಕೊಳ್ಳುತ್ತಿದ್ದರು. ಅವರ ತಲೆಗೂ ಲಾರಿಯ ಹಲಗೆಗೂ ನಡುವೆ ಒಂದು ಗೇಣೂ ಇರಲಿಲ್ಲ. ಸುಮೇಧಾ ಅವರ ರಟ್ಟೆ ಹಿಡಿದು ಈಚೆಗೆ ಎಳೆದಳು.

"ಅಲ್ಲಿ ಯಾಕೆ ಬಗ್ಗಿದ್ರಿ? ನಾನು ನಿಮ್ಮನ್ನ ಕೊಂದೇಬಿಡ್ತಿದ್ದೆ."

ಮೂಟೆ ಹೊರುವವರು ಹೊತ್ತ ಮೂಟೆಯೊಂದಿಗೇ ನಿಂತುಬಿಟ್ಟರು. ಅವಳ ದನಿ ಅಷ್ಟು ಜೋರಾಗಿತ್ತು. ಇನ್ನೂ ಏನೋ ಬೈಯಲು ಹೋದಳು, ಹಲ್ಲು ಕಟಕಟ ಅನ್ನತೊಡಗಿತು. ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತಳು. ರುಕ್ಮಿಣಮ್ಮ ಒಂಟಿ ಚಪ್ಪಲಿ ಹಿಡಿದುಕೊಂಡೇ ಪಕ್ಕದಲ್ಲಿ ಕೂತು, ಅವಳ ಬೆನ್ನ ಮೇಲೆ ಕೈ ಇಟ್ಟರು.

ಚಲುವಯ್ಯ ನೀರಿನ ಚೊಂಬು ಹಿಡಿದು ಓಡಿಬಂದ. "ಏನೂ ಆಗ್ನಿಲ್ವಲ್ಲ, ಬುಡವ್ವ. ತೌಡು ಇವತ್ತೇ ಓಗ್ಬೇಕು ಅಂತೇನಿಲ್ಲ. ನಾಳೀಕಾದ್ರೂ ಆಯ್ತದೆ."

ಇಲ್ಲ, ಇವತ್ತೇ ಹೋಗುತ್ತೇನೆ ಎಂದು ಸುಮೇಧಾ ಎದ್ದಳು. ನಾಗಮಂಗಲದವರೆಗೂ ರುಕ್ಮಿಣಮ್ಮ ಒಮ್ಮೆಯೂ ನಿಧಾನ ಅನ್ನಲಿಲ್ಲ. ಸೇತುವೆಗಳಲ್ಲಿ ಸುಮೇಧಾ ತಾನೇ ವೇಗ ಇಳಿಸಿದಳು. ಪಾಂಡವಪುರ ದಾಟುವವರೆಗೆ ಮತ್ತೆ ಮತ್ತೆ ಎಡಕ್ಕೆ ತಿರುಗಿ ಅತ್ತೆ ಇದ್ದಾರೆಯೇ ಎಂದು ನೋಡುತ್ತಿದ್ದಳು. ಆಮೇಲೆ ಅದು ನಿಂತಿತು. ನಾಗಮಂಗಲ ಮುಟ್ಟುವಷ್ಟರಲ್ಲಿ ಒಳಗೆ ಮತ್ತೆ ಮೊದಲಿನ ಹಾಗೇ ಆಗಿತ್ತು, ಒದ್ದೆ ಗೋಣಿ ಹೊದಿಸಿದ ಹಾಗೆ. ಆ ಮಂಕು ಇನ್ನು ಮರಳುವುದಿಲ್ಲ ಎಂದು ದಾರಿಯಲ್ಲಿ ಅವಳಿಗೆ ಅನ್ನಿಸಿತ್ತು.

ಸಂಜೆ ಲಾರಿ ಬಿಡಲು ಹೋದಾಗ ನಡೆದದ್ದನ್ನೆಲ್ಲ ಅಜ್ಮತ್ ಉಲ್ಲಾ ಅವರಿಗೆ ಅವಳೇ ಹೇಳಿದಳು. ಕೆಲಸ ಹೋಗುತ್ತದೆ ಎಂದುಕೊಂಡಿದ್ದಳು. ಅವರು ಕೇಳಿಸಿಕೊಂಡು, ರಿವರ್ಸ್ ತಗೊಳ್ಳುವಾಗ ಮಿಲ್ಲಿನವರನ್ನೇ ನಿಲ್ಲಿಸಿಕೋ, ಅಮ್ಮನ್ನ ಬೇಡ ಎಂದರು. ಬೆಳಿಗ್ಗೆ ಬೇಗ ಬಾ, ಕೆ.ಆರ್. ಪೇಟೆ ಲೋಡಿದೆ ಎಂದೂ ಹೇಳಿದರು.

ಮರುದಿನ ರುಕ್ಮಿಣಮ್ಮ ಹೊರಡಲಿಲ್ಲ. ಮಂಡಿ ನೋವು ಎಂದರು. ಬೆಳಗಿನ ಜಾವ ಅವರು ಬಗ್ಗಿ ಅಂಗಳ ಸಾರಿಸಿದ್ದನ್ನು ಸುಮೇಧಾ ನೋಡಿದ್ದಳು. ಡಬ್ಬಿ ಇಸಿದುಕೊಂಡು ಒಬ್ಬಳೇ ಹೋದಳು.

ಕೆ.ಆರ್. ಪೇಟೆ ಹತ್ತಿರ ಹೊಸಹೊಳಲು ದಾಟಿದ ಮೇಲಿನ ಗೋಡೌನಿನ ಮುಂದೆ ಮೂರ್ನಾಲ್ಕು ಲಾರಿಗಳು ಸಾಲಾಗಿ ನಿಂತಿದ್ದವು. ಅವಳು ಕೊನೆಯಲ್ಲಿ ನಿಲ್ಲಿಸಿ, ಇಳಿದು ಚಕ್ರಗಳನ್ನು ಒಂದು ಸುತ್ತು ನೋಡಿದಳು. ಮುಂದಿನ ಲಾರಿಯ ನೆರಳಲ್ಲಿ ಕೂತಿದ್ದ ನಡುವಯಸ್ಸಿನ ಡ್ರೈವರ್, ಹೊಸಬರಾ ಎಂದು ಕೇಳಿದ. ಹೌದು ಎಂದಳು. ಅವನು ಬೇರೇನೂ ಕೇಳದೆ, ಅವಳ ಲಾರಿಯ ಹಿಂಭಾಗ ರಸ್ತೆಗೆ ಚಾಚಿಕೊಂಡಿರುವುದನ್ನು ನೋಡಿ ಎದ್ದು, ತನ್ನ ಗಾಡಿ ಹತ್ತಿ ಸ್ವಲ್ಪ ಮುಂದಕ್ಕೆ ತೆಗೆದ. ಅವಳೂ ಲಾರಿ ಹತ್ತಿ, ಯಾರೂ ಹೇಳದೆಯೇ ನಿಧಾನವಾಗಿ ಆ ಜಾಗಕ್ಕೆ ಸರಿದು ನಿಲ್ಲಿಸಿದಳು.