ತೆಗ್ದಿಡು ಅಂದರೆ

ಕಲ್ಪನಾ ಹಳದೀಪುರದಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಅವಳ ಅಣ್ಣ ದಿವಾಕರ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಜಿಪ್ ಎಳೆಯುತ್ತಿದ್ದ.

"ಎಲ್ಲಿಗೆ ಹೊತ್ಕಂಡು ಹೊಂಟೆ ಅದ್ನ?"

"ಕುಮಟೆಗೆ. ರಿಪೇರಿ ಅಂಗ್ಡಿಯವಂಗೆ ಫೋನ್ ಮಾಡಿದ್ದೆ. ಫಾರ್ಮ್ಯಾಟ್ ಹೊಡ್ದು ಕೊಡ್ತೆ ಅಂದ. ಅರ್ಧ ತಾಸು ಸಾಕಂತೆ."

"ಫಾರ್ಮ್ಯಾಟಾ? ಎಂತ ಆಗಿದೆ ಅದ್ಕೆ?"

"ಎಂತ ಇಲ್ಲ ಮಾರಾಯ್ತಿ. ನೀ ಹೇಳಿದ್ಯಲ್ಲ, ಲಿನಕ್ಸ್ ತೆಗ್ದಿಡು ಅಂತ. ತೆಗ್ದೆ. ಆಮೇಲೆ ಚಾಲೂ ಆಗುದಿಲ್ಲ ಅಂತದೆ."

ಕಲ್ಪನಾ ಬಾಗಿಲಿಗೆ ಅಡ್ಡ ನಿಂತಳು.

ಬೆಳಿಗ್ಗೆ ಭಟ್ಕಳದಿಂದ ಅವಳು ಫೋನ್ ಮಾಡಿದ್ದು ನಿಜ. "ಅಣ್ಣಾ, ಲಿನಕ್ಸ್ ತೆಗ್ದಿಡು, ಬಂದ ಕೂಡ್ಲೆ ನಾ ಕೂತ್ಕಂತೆ" ಅಂದಿದ್ದಳು. ಅವನು "ಆತು" ಅಂದಿದ್ದ. ನಮ್ಮಲ್ಲಿ ಬಾಗಿಲು ತೆಗೆಯುವುದೂ ತೆಗೆಯುವುದೇ, ಮೀನಿನ ಮುಳ್ಳು ತೆಗೆಯುವುದೂ ತೆಗೆಯುವುದೇ. ಅವಳು ಬಾಗಿಲಿನ ಹಾಗೆ ಹೇಳಿದ್ದನ್ನು ಅವನು ಮುಳ್ಳಿನ ಹಾಗೆ ಕೇಳಿಸಿಕೊಂಡಿದ್ದ. ಲ್ಯಾಪ್‌ಟಾಪ್ ಹಾಕಿದಾಗಲೆಲ್ಲ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಕೇಳುವ ಕಪ್ಪು ಪರದೆಯ ಮೇಲೆ ಅವನಿಗೆ ಮೊದಲಿಂದಲೂ ಸಿಟ್ಟಿತ್ತು. ಅಪ್ಪಣೆ ಸಿಕ್ಕಿದ್ದೇ ತಡ, ವಿಡಿಯೋ ನೋಡಿಕೊಂಡು ಡಿಸ್ಕಿನಲ್ಲಿ ಲಿನಕ್ಸ್ ಇದ್ದ ಭಾಗವನ್ನೇ ಅಳಿಸಿ ಹಾಕಿದ್ದ.

ಆ ಭಾಗದಲ್ಲಿ ಸೋದರತ್ತೆ ಬಂಗಾರಿಯ ನಲವತ್ತೊಂದು ಹಾಡುಗಳಿದ್ದವು. ಅತ್ತೆ ನಟ್ಟಿಯ ಹಾಡು, ಬೀಸುವ ಹಾಡು, ಮದುವೆಯ ಹಾಡು ಎಲ್ಲ ಹೇಳಿ, ಕಲ್ಪನಾ ಎರಡು ವರ್ಷ ಕೂತು ರೆಕಾರ್ಡ್ ಮಾಡಿಕೊಂಡವು. ಆಮೇಲೆ ಅತ್ತೆಯ ಗಂಟಲಿಗೆ ಆಪರೇಷನ್ ಆಗಿ ದನಿಯೇ ಹೋಯಿತು. ಹಾಡುಗಳಿಗೆ ಬೇರೆ ಪ್ರತಿ ಇರಲಿಲ್ಲ. ಪ್ರತಿ ಮಾಡಲಿಕ್ಕೆಂದೇ ಅವಳು ಭಟ್ಕಳಕ್ಕೆ ಹೋಗಿ ಹಾರ್ಡ್‌ಡಿಸ್ಕ್ ತಂದಿದ್ದಳು.

ಅತ್ತೆ ಜಗಲಿಯ ಮೂಲೆಯಲ್ಲಿ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಕೊಡು ಇತ್ಲಾಗೆ," ಎಂದು ಕಲ್ಪನಾ ಚೀಲ ಕಿತ್ತುಕೊಂಡಳು. "ಅಳಿಸಿದ್ರ ಮೇಲೆ ಬೇರೆ ಎಂತದೂ ಬರೀದೆ ಇದ್ರೆ ಹುಡುಕಿ ತೆಗೀಬಹುದು. ನಿನ್ನ ಅಂಗ್ಡಿಯಂವ ಫಾರ್ಮ್ಯಾಟ್ ಹೊಡ್ದು ಹೊಸದು ತುಂಬ್ದಾ, ಅತ್ತೆ ದನಿ ಎರಡನೇ ಸಲ ಹೋತು. ತಿಳೀತಾ?"

"ನಂಗೆಂತ ಗೊತ್ತು? ನೀನೇ ತೆಗಿ ಅಂದಿ."

"ಬಾಗ್ಲು ತೆಗಿ ಅಂದ್ರೆ ಬಾಗ್ಲು ಕಿತ್ತು ಗದ್ದೆಗೆ ಎಸೀತ್ಯನಾ ನೀನು?"

ಅತ್ತೆ ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದಳು. ಯಾರಿಗೆ ಬೈದಳೋ ಗೊತ್ತಾಗಲಿಲ್ಲ. ಕಲ್ಪನಾ ಚೀಲದಿಂದ ಲ್ಯಾಪ್‌ಟಾಪ್ ಹೊರಗೆಳೆದಳು.

ಹಿಂದೆ ಲಿನಕ್ಸ್ ಹಾಕಿದ್ದ ಪೆನ್‌ಡ್ರೈವ್ ಕಪಾಟಿನಲ್ಲಿತ್ತು. ಅದರಿಂದ ಲ್ಯಾಪ್‌ಟಾಪ್ ಎಬ್ಬಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆಯೇ ಹುಡುಕಬಹುದು. ಆದರೆ ಮೊದಲು ಪೆನ್‌ಡ್ರೈವ್ ನೋಡು ಎಂದು ಯಂತ್ರಕ್ಕೆ ಹೇಳಬೇಕಾದದ್ದು ಬಯೋಸ್ ಸೆಟ್ಟಿಂಗಿನಲ್ಲಿ. ಅದಕ್ಕೆ ಹಾಕಿದ ಕೂಡಲೇ ಎಫ್-ಟೂ ಒತ್ತಬೇಕು. ಒತ್ತಿದಳು. ಸೆಟ್ಟಿಂಗ್ ಬರಲಿಲ್ಲ, ಕಪ್ಪು ಪರದೆಯ ಮೇಲೆ ಆ ವಿಂಡೋಸೋ ಲಿನಕ್ಸೋ ಕೇಳುವ ಪ್ರೋಗ್ರಾಮಿನ 'ಗ್ರಬ್' ಎಂಬ ಹೆಸರು, ಪಕ್ಕದಲ್ಲಿ ಮಿಣುಕುವ ಗೆರೆ. ಆರಿಸಿ, ಹಾಕಿ, ಮತ್ತೆ ಒತ್ತಿದಳು. ಹತ್ತು ಸಲ, ಹದಿನೈದು ಸಲ. ಬೇಗ ಚಾಲೂ ಆಗಲಿ ಎಂದು ಹೋದ ವರ್ಷ ಫಾಸ್ಟ್ ಬೂಟ್ ಹಾಕಿದ್ದು ಅವಳೇ. ಈಗ ಗುಂಡಿ ಒತ್ತುವಷ್ಟು ಹೊತ್ತನ್ನೇ ಅದು ಕೊಡುತ್ತಿರಲಿಲ್ಲ. ತನ್ನ ಮೇಲೂ ಸಿಟ್ಟು ಬಂದು ಇನ್ನೂ ಜೋರಾಗಿ ಕುಟ್ಟಿದಳು.

"ಗುಂಡಿ ಕಿತ್ತು ಬತ್ತದೆ ಈಗ," ಅಂದ ದಿವಾಕರ.

"ಬಾಯ್ ಮುಚ್ತ್ಯಾ?"

"ಅಲ್ವೇ, ಅದು ಎಂತದೋ ಬರಿ ಅಂತ ಕಾಯ್ತಾ ಕೂತಂಗೆ ಕಾಣ್ತದೆ. ನೀ ಹೊಡೀತೆ ಇದ್ದೆ."

ಅವನು ಹೇಳಿದ್ದು ಸರಿ ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು. 'ಹೆಲ್ಪ್' ಎಂದು ಬರೆದಳು. ಪದಗಳ ಪಟ್ಟಿ ಸುರಿಯಿತು. ಬೆರಳಿಟ್ಟು ಒಂದೊಂದೇ ಓದುತ್ತ ಹೋದಳು. ನಡುವೆ ಬಯೋಸ್ ಸೆಟ್ಟಿಂಗಿಗೆ ಒಯ್ಯುವ 'ಎಫ್‌ಡಬ್ಲ್ಯೂಸೆಟಪ್' ಸಿಕ್ಕಿತು. ಬರೆದು ಎಂಟರ್ ಒತ್ತಿದಳು. ಪರದೆ ಆರಿ, ಹೊತ್ತಿ, ಬಯೋಸಿನ ನೀಲಿ ಪುಟ ಬಂದು ನಿಂತಿತು.

ಫಾಸ್ಟ್ ಬೂಟ್ ಬಂದ್ ಮಾಡಿದಳು. ಪೆನ್‌ಡ್ರೈವನ್ನು ಮೇಲಕ್ಕೆ ಏರಿಸಿ, ಅದರಿಂದಲೇ ಎಬ್ಬಿಸಿ, ಅಳಿದ ಭಾಗವನ್ನು ಹುಡುಕಲು ಬಿಟ್ಟಳು. ಮುಕ್ಕಾಲು ತಾಸಿನ ಮೇಲೆ ಭಾಗ ಸಿಕ್ಕಿತು. ಅದರೊಳಗೆ ನಲವತ್ತೊಂದೂ ಇದ್ದವು.

ಖಾತ್ರಿ ಮಾಡಲು ಒಂದನ್ನು ಹಚ್ಚಿದಳು. ಜಗಲಿ ತುಂಬ ಅತ್ತೆಯ ದನಿ. ಅತ್ತೆ ಕಿವಿಗೊಟ್ಟು ಕೇಳಿದಳು. ಮೂರನೇ ಸಾಲಿಗೆ ಮುಖ ಸಿಂಡರಿಸಿ ಕೈಯಾಡಿಸಿದಳು: ತಪ್ಪಿದೆ, ಅದು ಹಾಗಲ್ಲ.

"ಸಿಕ್ತಲ್ಲ, ಮತ್ತೆ ಸಿಟ್ಟೆಂತಕೆ?" ದಿವಾಕರ ನಕ್ಕ.

ಕಲ್ಪನಾ ಹೊಸ ಹಾರ್ಡ್‌ಡಿಸ್ಕ್ ಚುಚ್ಚಿ ಪ್ರತಿಗೆ ಹಚ್ಚಿದಳು. "ಇಲ್ಲೇ ಕೂತ್ಕ. ಮುಗೀವರಿಗೆ ಏಳ್ಬೇಡ, ಮುಟ್ಬೇಡ. ಕರೆಂಟ್ ಹೋದ್ರೆ ಕೂಗು."

"ಆತು."

"ಆತು ಅಂದ್ರೆ ಎಂತ ಆತು? ನಾ ಹೇಳಿದ್ದೆಂತ, ಮೊದ್ಲು ಅದ್ನ ಹೇಳು."

ಅವನು ಅತ್ತೆಯ ಕಡೆ ನೋಡಿದ. ಅತ್ತೆ ಕೋಲನ್ನು ಅವನ ಕಡೆಗೇ ಚಾಚಿದಳು. ಗಂಟಲು ಸರಿಮಾಡಿಕೊಂಡು, ಶಾಲೆಯ ಹುಡುಗನಂತೆ ಅವನು ಒಂದೊಂದೇ ಮಾತು ಒಪ್ಪಿಸತೊಡಗಿದ.