ಹನ್ನೆರಡನೆಯ ಪೆಟ್ಟು

ಟಿರೋಲಿನ ಆ ಕಣಿವೆಯಲ್ಲಿ ಹಿಮದ ಹೊಟ್ಟೆ ಬಗೆದು ಓದಬಲ್ಲವಳು ವ್ರೋನಿ ಒಬ್ಬಳೇ. ಅವಳು ಸರಿ ಎಂದರೆ ರಕ್ಷಣಾ ದಳ ಮುಂದೆ ಹೋಗುತ್ತದೆ, ಬೇಡ ಎಂದರೆ ಹಿಂದಿರುಗುತ್ತದೆ. ಇಂದು ಮೇಲಿನ ತಂಗುಮನೆಯಲ್ಲಿ ಬೆಳಗಿನಿಂದ ಎದೆ ಹಿಡಿದುಕೊಂಡು ಮಲಗಿದ್ದವಳು ಅವಳ ಸ್ವಂತ ಅಕ್ಕ ರೇಸಿ. ಮೋಡ ಕವಿದು ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಅಲ್ಲಿಗೆ ಉಳಿದ ದಾರಿ ಎದುರಿನ ಹಿಮದ ಇಳಿಜಾರು ಮಾತ್ರ.

ವ್ರೋನಿ ಅಂಚಿನಲ್ಲಿ ಗುಂಡಿ ತೋಡಿದಳು. ಗರಗಸದಿಂದ ಹಿಮವನ್ನು ಕಂಬದಂತೆ ಕೊಯ್ದು, ಮೇಲೆ ಸಲಿಕೆ ಇಟ್ಟು ಬಡಿಯತೊಡಗಿದಳು. ಮೊದಲ ಹತ್ತು ಪೆಟ್ಟು ಮಣಿಕಟ್ಟಿನಿಂದ, ಮುಂದಿನ ಹತ್ತು ಮೊಣಕೈಯಿಂದ, ಕೊನೆಯ ಹತ್ತು ಭುಜದಿಂದ. ಪ್ರತಿ ಪೆಟ್ಟನ್ನೂ ಗಟ್ಟಿಯಾಗಿ ಎಣಿಸಬೇಕು, ಅದು ದಳದ ಪದ್ಧತಿ. ಕಂಬ ಬೇಗ ಮುರಿದಷ್ಟೂ ಇಳಿಜಾರು ಕುಸಿಯುವ ಭಯ ಹೆಚ್ಚು, ಸಾವು ಹತ್ತಿರ. ಜೊತೆಗಾರ ಹಿಯಾಸ್ ಗುಂಡಿಗೆ ಬೆನ್ನು ಮಾಡಿ, ಇಳಿಜಾರನ್ನು ಕಾಯುತ್ತ, ಎಣಿಕೆ ಕೇಳಿಸಿಕೊಳ್ಳುತ್ತಿದ್ದ.

ಹನ್ನೆರಡಕ್ಕೆ ಮೇಲಿನ ತುಂಡು ಜಾರಿ ಅವಳ ಮಡಿಲಿಗೆ ಬಿತ್ತು. ಅಡಿಯಲ್ಲಿ ಸಕ್ಕರೆಯಂಥ ಸಡಿಲ ಹರಳು.

"ಹದಿಮೂರು," ಎಂದಿತು ಅವಳ ಬಾಯಿ.

ಉಳಿದ ಮೋಟಿನ ಮೇಲೆ ಬಡಿಯುತ್ತಲೇ ಹೋದಳು. ಇಪ್ಪತ್ತಾರಕ್ಕೆ ನಿಲ್ಲಿಸಿದಳು. ಮೂವತ್ತೇ ಎನ್ನುವಷ್ಟು ಧೈರ್ಯ ಆ ಸುಳ್ಳಿಗೂ ಇರಲಿಲ್ಲ.

ಹಿಮ ಓದಿದವರು ಮೊದಲು ದಾಟುವಂತಿಲ್ಲ. ಹಿಮ ಕುಸಿದರೆ ಉಳಿದು, ಹೂತವರನ್ನು ಅಗೆದು ತೆಗೆಯಬೇಕಾದವರು ಅವರು. ಹಾಗಾಗಿ ಹಿಯಾಸ್ ಸ್ಕೀ ಬಿಗಿದುಕೊಂಡ.

"ಇಪ್ಪತ್ತಾರು ಅಂದ್ರೆ ಗಟ್ಟಿ ಇದೆ ಬಿಡು. ನನ್ನ ಬೈದು ಮುಗಿಸ್ದೆ ನಿನ್ನಕ್ಕ ಎಲ್ಲೂ ಹೋಗಲ್ಲ ಮಾರಾಯ್ತಿ."

ಅವನ ಸ್ಕೀಯ ತುದಿ ಇಳಿಜಾರಿನತ್ತ ಚಾಚಿತು. ಈಚೆ ಅವನು, ಆಚೆ ಅಕ್ಕ. ಹಿಮಕ್ಕೆ ಇಬ್ಬರ ಪರಿಚಯವೂ ಇಲ್ಲ.

"ನಿಲ್ಲೋ. ಹನ್ನೆರಡಕ್ಕೇ ಬಿತ್ತು. ನಾನು ಸುಳ್ಳು ಹೇಳ್ದೆ."

ಹಿಯಾಸ್ ಬೈಯಲಿಲ್ಲ. ಉಸಿರು ಹಿಡಿದು, ಇಂಚಿಂಚೇ ಹಿಂದೆ ಸರಿದ. ಬೈದಿದ್ದರೇ ಚೆನ್ನಾಗಿತ್ತು.

ತಂಗುಮನೆಯಿಂದ ವೈರ್‌ಲೆಸ್ಸಿನಲ್ಲಿ ರೇಸಿ ಏದುಸಿರು ಬಿಡುತ್ತ, ಎಷ್ಟನೆಯ ಪೆಟ್ಟಿಗೆ ಬಿತ್ತೆಂದು ಕೇಳಿದಳು. ಹನ್ನೆರಡಕ್ಕೆ ಎಂದಳು ವ್ರೋನಿ.

"ಹಾಗಾದ್ರೆ ಬರ್ಬೇಡ ಕಣೆ."

ಮತ್ತೆ ಎಷ್ಟು ಕರೆದರೂ ಮೇಲಿನಿಂದ ಉತ್ತರ ಬರಲಿಲ್ಲ.

ಬೆಳಕಿರುವವರೆಗೂ ವ್ರೋನಿ ಬಂಡೆಯ ಮರೆಯಲ್ಲಿ ಕೂತು ಆ ಇಳಿಜಾರನ್ನೇ ನೋಡಿದಳು. ಕುಸಿದುಬಿಡು, ಒಂದೇ ಒಂದು ಸಲ ಕುಸಿದುಬಿಡು, ನಾನು ತಡೆದದ್ದು ಸರಿಯೆಂದಾಗಲಿ ಎಂದು ಅದನ್ನು ಬೇಡಿಕೊಂಡಳು. ಅದು ಒಂದು ಹಿಡಿಯಷ್ಟೂ ಜಾರಲಿಲ್ಲ.